ಕೋಡಿಯ ಬಳಿ ಅಪ್ಪನಿಗೆ ಕೇಳಿದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದವನು. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಒಮ್ಮೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, ತಮ್ಮ ಅಜ್ಜಿ ತೀರಿಕೊಂಡ ಗಳಿಗೆಯಲ್ಲೇ ಮನೆಯ ಗಡಿಯಾರ ನಿಂತುಹೋಯಿತೆಂದು ಹೇಳಿದರು. ನಾನು ಎಲ್ಲರೆದುರು, "ಕೀ ಕೊಟ್ಟು ಎಷ್ಟು ದಿನ ಆಗಿತ್ತು ಸಾರ್?" ಎಂದೆ. ಎಲ್ಲರೂ ನಕ್ಕರು, ಅವರ ಮುಖ ಚಿಕ್ಕದಾಯಿತು. ಮೂರು ವರ್ಷದ ನಂತರ ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರಿಗೆ ಆ ಮಾತು ಮರೆತೇಹೋಗಿತ್ತು. ನಾನು ಹಾಗೆ ಹೋಗುವಂತೆ ಮಾಡಿದ್ದು ಯಾವುದು ಎಂಬುದನ್ನು ಈಗ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಮುಂದಿನ ಭಾಗದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಹಿಂದೆ ಅಡುಗೆಮನೆ, ನಡುವಿನ ಒಂದು ಕೋಣೆಯಲ್ಲಿ ನಾವು. ಬೀದಿಯ ಎಲ್ಲ ಮನೆಗಳೂ ಹಾಗೆಯೇ ಇದ್ದವು. ಲಾಳಿ ಬಡಿಯುವ ಸದ್ದು ಗೋಡೆಯಲ್ಲಿ, ನೆಲದಲ್ಲಿ, ಕೈಯಲ್ಲಿ ಹಿಡಿದ ನೀರಿನ ಲೋಟದಲ್ಲಿ ಕೂಡ ಇರುತ್ತಿತ್ತು. ಅಪ್ಪ ನಂಜುಂಡಪ್ಪ ಆ ಸದ್ದಿನ ನಡುವೆಯೇ ವಯಸ್ಸು ಕಳೆದವರು. ಐವತ್ತೈದು ದಾಟುವ ಹೊತ್ತಿಗೆ ಎರಡೂ ಕಿವಿ ಪೂರ್ತಿ ಹೋಗಿದ್ದವು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ಒಳಗಿನ ನರವೇ ಸತ್ತಿದೆ, ಮಿಷನ್ ಹಾಕಿದರೂ ಪ್ರಯೋಜನವಿಲ್ಲ ಎಂದು ಬರೆದುಕೊಟ್ಟಿದ್ದರು. ಅಪ್ಪನ ಬೆನ್ನ ಹಿಂದೆ ಹಿತ್ತಾಳೆ ಕೊಳಗ ಉರುಳಿದರೂ ಅವರು ತಿರುಗಿ ನೋಡುತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಅವರಿಗೆ ಸ್ವಲ್ಪವಾದರೂ ಕೇಳಿಸುತ್ತಿತ್ತೇನೋ ಎಂದು ನೀವು ಕೇಳಬಹುದು. ಇಲ್ಲ, ಏನೂ ಕೇಳಿಸುತ್ತಿರಲಿಲ್ಲ.

ಅಮ್ಮನಿಗೆ ಉಬ್ಬಸ. ಚಳಿಗಾಲ ಬಂತೆಂದರೆ ರಾತ್ರಿಯೆಲ್ಲ ದಿಂಬು ಒರಗಿಸಿಕೊಂಡು ಕೂತಿರುತ್ತಿದ್ದಳು. ಔಷಧಿಯನ್ನು ಹಬೆಯ ಹಾಗೆ ಮಾಡಿ ಮೂಗು ಬಾಯಿಗೆ ಕೊಡುವ ನೆಬ್ಯುಲೈಸರ್ ಯಂತ್ರವೊಂದನ್ನು ತಂದುಕೊಟ್ಟಿದ್ದೆ. ಅದಕ್ಕೆ ಕರೆಂಟು ಬೇಕು. ಕರೆಂಟು ಇಲ್ಲದ ಕಡೆಗೆ ಅಮ್ಮನನ್ನು ಕರೆದುಕೊಂಡು ಹೋಗುವಂತಿರಲಿಲ್ಲ.

ಮಗ್ಗದ ಮನೆಯಲ್ಲಿ ಗಂಡ ಹೆಂಡತಿ ಮಾತಾಡುವ ರೀತಿಯೇ ಬೇರೆ. ಆ ಸದ್ದಿನಲ್ಲಿ ಕೂಗಿ ಯಾರು ಗಂಟಲು ಹರಿದುಕೊಳ್ಳುತ್ತಾರೆ? ತುಟಿ ಆಡಿಸುತ್ತಾರೆ, ಹುಬ್ಬು ಏರಿಸುತ್ತಾರೆ, ಬೆರಳು ತೋರಿಸುತ್ತಾರೆ. ಅಪ್ಪ ಅಮ್ಮ ಮದುವೆಯಾದಂದಿನಿಂದ ಹಾಗೆಯೇ ಮಾತಾಡಿಕೊಂಡವರು. ಆದ್ದರಿಂದ ಅಪ್ಪನ ಕಿವಿ ಹೋದದ್ದು ಅವರಿಬ್ಬರ ನಡುವೆ ದೊಡ್ಡ ವಿಷಯವೇ ಆಗಲಿಲ್ಲ. ಅಮ್ಮ ಕೋಣೆಯ ಆ ಮೂಲೆಯಿಂದ ತುಟಿ ಅಲ್ಲಾಡಿಸಿದರೆ ಅಪ್ಪ ಈ ಮೂಲೆಯಿಂದ ನಗುತ್ತಿದ್ದರು. ಏನು ಹೇಳಿದಳೆಂದು ನನಗೇ ಗೊತ್ತಾಗುತ್ತಿರಲಿಲ್ಲ. ಆದರೆ ಅಪ್ಪನಿಗೆ ಅಮ್ಮನ ಮುಖ ಕಾಣಬೇಕಿತ್ತು. ಕಾಣದಿದ್ದರೆ ಅವರಿಗೆ ಏನೂ ಇಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಲೋಡ್ ಶೆಡ್ಡಿಂಗ್ ಜೋರಾಗಿತ್ತು. ಒಂದು ಸಂಜೆ ಕರೆಂಟು ಹೋಗಿ ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತವು. ಅಮ್ಮ ಹೊಸ್ತಿಲ ಮೇಲೆ ಬಂದು ಕೂತಳು.

"ಎಷ್ಟು ಚೆನ್ನಾಗೈತೆ ನೋಡು," ಅಂದಳು. "ಒಂದು ರಾತ್ರಿ ಪೂರ್ತಿ ಹಿಂಗೇ ಇರೋ ಜಾಗದಲ್ಲಿ ಮಲಗ್ಬೇಕು ಕಣೋ. ನಾನು ಹುಟ್ಟಿದ್ದೂ ಮಗ್ಗದ ಮನೆ, ಬಂದಿದ್ದೂ ಮಗ್ಗದ ಮನೆ."

ಅವಳು ಏನನ್ನಾದರೂ ಬೇಕೆಂದು ಕೇಳಿದ್ದು ನನಗೆ ನೆನಪಿರುವ ಹಾಗೆ ಅದೊಂದೇ ಸಲ. ನನಗಿನ್ನೂ ಮದುವೆಯಾಗಿರಲಿಲ್ಲ, ಕೈಯಲ್ಲಿ ಸಂಬಳವಿತ್ತು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಕೆಲವು ತಿಂಗಳ ಮೇಲೆ ಯಾವುದೋ ಇಲಾಖೆಯ ಹಳೆಯ ಸಾಮಾನುಗಳ ಹರಾಜಿನಲ್ಲಿ ಒಂದು ಟ್ರೇಲರ್ ಕಂಡಿತು. ಸರ್ವೆಗೆ ಹೋದವರು ಕಾಡುಮೇಡುಗಳಲ್ಲಿ ಮಲಗಲು ಇಟ್ಟುಕೊಂಡಿದ್ದ ತಗಡಿನ ಕೋಣೆ ಅದು. ಎರಡು ಚಕ್ರ, ಎರಡು ಹಲಗೆ ಮಂಚ, ಒಂದು ಕಿಟಕಿ, ಹಿಂದೆ ಬಾಗಿಲು. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದು. ಅದನ್ನು ತಂದು ಮನೆ ಮುಂದೆ ನಿಲ್ಲಿಸಿದಾಗ ಎದುರು ಮನೆಯವರು, "ಏನ್ ಮೇಷ್ಟ್ರೇ, ಸರ್ಕಸ್ ಕಂಪನಿ ಸೇರಿಬಿಟ್ರಾ?" ಎಂದರು. ಅಪ್ಪ ಮಾತ್ರ ಸುತ್ತ ಒಂದು ಸಲ ನಡೆದು, ತಗಡನ್ನು ತಟ್ಟಿ, ಮರುದಿನವೇ ಹಸಿರು ಬಣ್ಣದ ಡಬ್ಬ ತಂದರು.

ಗೆಳೆಯನೊಬ್ಬನ ಜೀಪು ಕೇಳಿ ತಂದು, ಮೊದಲ ಸಲ ಶಿವಗಂಗೆಯ ತಪ್ಪಲಿಗೆ ಹೋದೆವು. ಮದುವೆಮನೆಗಳಿಗೆ ಶಾಮಿಯಾನ ಕೊಡುವವರಿಂದ ಡೀಸೆಲ್ ಜನರೇಟರ್ ಬಾಡಿಗೆಗೆ ತಂದಿದ್ದೆ. ಅದು ಹೊತ್ತಿಕೊಂಡರೆ ಬೆಟ್ಟದ ಕೋತಿಗಳು ಕೂಡ ಜಾಗ ಬಿಟ್ಟು ಓಡುತ್ತಿದ್ದವು. ಅಮ್ಮನಿಗೆ ರಾತ್ರಿ ಎರಡು ಸಲ ಉಸಿರು ಹಿಡಿಯಿತು. ಎರಡು ಸಲವೂ ಅದರ ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಯಿತು. ಬೆಳಿಗ್ಗೆ ಅಮ್ಮ ಕಾಫಿ ಕೊಡುತ್ತಾ, "ಇದಕ್ಕಿಂತ ನಮ್ಮ ಮಗ್ಗಾನೇ ವಾಸಿ ಕಣೋ. ಅದು ಸೀರೆನಾದ್ರೂ ಕೊಡುತ್ತೆ," ಎಂದು ನಕ್ಕಳು. ನನಗೆ ಅಳು ಬರುವ ಹಾಗಾಯಿತು.

ಹಾಗಾಗಿ ನಮ್ಮದೇ ಒಂದು ಜನರೇಟರ್ ಕೊಳ್ಳಬೇಕೆಂದು ತೀರ್ಮಾನಿಸಿದೆ. ಹಾಳೆಯ ಮೇಲೆ ಎಲ್ಲ ಬರೆದುಕೊಂಡೆ. ನೆಬ್ಯುಲೈಸರಿಗೆ ಎಷ್ಟು ವ್ಯಾಟ್, ಅದು ಶುರುವಾಗುವಾಗ ಒಮ್ಮೆಲೇ ಎಷ್ಟು ಎಳೆಯುತ್ತದೆ, ಒಂದು ಬಲ್ಬು, ಒಂದು ಚಿಕ್ಕ ಫ್ಯಾನು. ಒಬ್ಬನೇ ಎತ್ತಿ ಜೀಪಿಗೆ ಇಡುವಷ್ಟು ಹಗುರವಾಗಿರಬೇಕು. ಹಗ್ಗ ಎಳೆದರೆ ಹೊತ್ತಿಕೊಳ್ಳಬೇಕು. ಅಪ್ಪನನ್ನೂ ಕರೆದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಮಗ್ಗದ ಮೋಟಾರುಗಳ ಕೆಲಸಕ್ಕೆ ಅಪ್ಪ ಮೊದಲಿನಿಂದ ಹೋಗಿ ಬರುತ್ತಿದ್ದ ಅಂಗಡಿಯೊಂದು ಅಲ್ಲಿತ್ತು. ಯಜಮಾನರು ವಯಸ್ಸಾದ ಸಾಬರು.

ಮೊದಲು ಸೀಮೆಎಣ್ಣೆಯಲ್ಲಿ ಓಡುವುದನ್ನು ತೋರಿಸಿದರು. ಖರ್ಚು ಕಡಿಮೆ, ಆದರೆ ಹೊಗೆ. ಉಬ್ಬಸದವರ ಹತ್ತಿರ ಅದನ್ನು ಇಡುವಂತಿಲ್ಲ. ಆಮೇಲೆ ಪೆಟ್ರೋಲಿನದು, ಹೊಸದು, ನನ್ನ ಹಾಳೆಯ ಲೆಕ್ಕಕ್ಕೆ ಸರಿಯಾಗಿ ಹೊಂದುವಂಥದು. ನಾನು ಅದನ್ನೇ ಕಟ್ಟಿಸುವುದರಲ್ಲಿದ್ದೆ. ಅಷ್ಟರಲ್ಲಿ ಅಪ್ಪ ಬಗ್ಗಿ ಓಡುತ್ತಿದ್ದ ಇಂಜಿನ್ನಿನ ಮೈಮೇಲೆ ಎರಡೂ ಅಂಗೈ ಇಟ್ಟರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದರು.

"ಇದು ಬ್ಯಾಡ," ಎಂದು ಅಂಗಡಿಯೆಲ್ಲ ಕೇಳುವ ಹಾಗೆ ಹೇಳಿದರು. ಕಿವಿ ಹೋದ ಮೇಲೆ ಅವರ ದನಿ ದೊಡ್ಡದಾಗಿತ್ತು. "ಒಳಗೆ ಏನೋ ಸಡಿಲ ಐತೆ."

ಸಾಬರು ನಂಬಲಿಲ್ಲ. ಆದರೂ ಬಿಚ್ಚಿ ನೋಡಿದರು. ಇಂಜಿನ್ ಕೂರಿಸುವ ಒಂದು ಬೋಲ್ಟು ಅರ್ಧ ತಿರುಗಿಸಿ ಹಾಗೇ ಬಿಟ್ಟಿದ್ದರು. ಆಮೇಲೆ ಅಪ್ಪ ಅಂಗಡಿಯ ಒಂದೊಂದು ಜನರೇಟರನ್ನೂ ಓಡಿಸಿ, ಮುಟ್ಟಿ ಮುಟ್ಟಿ ನೋಡುತ್ತಾ ಹೋದರು. ಕೊನೆಗೆ ಮೂಲೆಯಲ್ಲಿದ್ದ, ಬಣ್ಣ ಹೋದ, ಯಾರೋ ಬಳಸಿ ಮಾರಿದ್ದ ಒಂದು ಚಿಕ್ಕ ಜನರೇಟರ್ ಮುಂದೆ ಕೂತುಬಿಟ್ಟರು.

"ಇದು," ಅಂದರು. "ಇದು ನಿಮ್ಮಮ್ಮನ್ನ ಏಳಿಸಲ್ಲ."

ಸಾಬರು ನನ್ನ ಕಡೆ ತಿರುಗಿ, "ಸದ್ದು ಕಮ್ಮಿ ಇರೋದು ಬೇಕು ಅಂತ ಕಿವಿ ಕೇಳದಿರೋರು ಬಂದಿದ್ದು ಇದೇ ಫಸ್ಟ್ ಟೈಮ್ ಸಾರ್," ಎಂದರು. ಹಣ ತೆಗೆದುಕೊಳ್ಳುವಾಗ ಅಪ್ಪನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಯಾಕೋ ಗೊತ್ತಿಲ್ಲ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಮತ್ತೆ ಹೊರಟೆವು. ಜಡಿಗೇನಹಳ್ಳಿ ದಾಟಿ ಸ್ವಲ್ಪ ಮುಂದೆ ಒಂದು ಕೆರೆಯಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯ ಹೊಂಗೆ ತೋಪು ಅದರ ಏರಿಗೆ ತಾಗಿಕೊಂಡಿತ್ತು. ಎಷ್ಟು ದಿನ ಬೇಕಾದರೂ ನಿಲ್ಲಿಸಿಕೊಳ್ಳಿ ಎಂದಿದ್ದರು. ಟ್ರೇಲರನ್ನು ತೋಪಿನೊಳಗೆ ನಿಲ್ಲಿಸಿದೆವು. ಐವತ್ತು ಹೆಜ್ಜೆ ದೂರದಲ್ಲಿ ಬಂಡೆಗಳ ಗುಂಪೊಂದಿತ್ತು. ಅದರ ಹಿಂದೆ ಜನರೇಟರ್ ಇಟ್ಟು, ಉದ್ದನೆಯ ವೈರು ಎಳೆದು ತಂದೆ. ಓಡಿಸಿ ಟ್ರೇಲರಿಗೆ ಬಂದು ನಿಂತು ಕೇಳಿದೆ. ಜೇನುಹುಳು ಹಾರಿದಷ್ಟೇ ಸದ್ದು. ಅಪ್ಪನ ಅಂಗೈ ಸುಳ್ಳು ಹೇಳಿರಲಿಲ್ಲ.

ಆ ರಾತ್ರಿ ಮಲಗಿದ ಅಮ್ಮ ಎದ್ದಿದ್ದು ಬೆಳಿಗ್ಗೆ ಏಳಕ್ಕೆ. ಅವಳು ಅಷ್ಟು ಹೊತ್ತು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಎದ್ದವಳು ಹಲ್ಲು ಉಜ್ಜುವುದನ್ನೂ ಮರೆತು ಅಪ್ಪನೆದುರು ಕೂತು, ನಿದ್ದೆ ಹತ್ತುವ ಮೊದಲು ಯಾವ ಯಾವ ಹಕ್ಕಿ ಹೇಗೆ ಹೇಗೆ ಕೂಗಿತು, ನೀರಿನಲ್ಲಿ ಮೀನು ಹೇಗೆ ಎಗರಿತು ಎಂದು ತುಟಿಯಲ್ಲೇ ಒಂದೊಂದಾಗಿ ಹೇಳಿದಳು. ಅಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ನಾನು ಹೇಳಬೇಕೆಂದಿರುವುದು ನಡೆದದ್ದು ಅದೇ ದಿನದ ಸಂಜೆ.

ಸೂರ್ಯ ಮುಳುಗುವ ಹೊತ್ತು. ಅಪ್ಪ ಏರಿಯ ಮೇಲೆ ನಡೆದು ಕೆರೆಕೋಡಿಯವರೆಗೆ ಹೋಗಿಬರುತ್ತೇನೆಂದು ಹೊರಟರು. ಕೋಡಿ ಇದ್ದದ್ದು ಕೆರೆಯ ಆ ತುದಿಯಲ್ಲಿ, ಸುಮಾರು ಅರ್ಧ ಮೈಲಿ ದೂರ. ಏರಿ ನಡುವೆ ಬಾಗುತ್ತದೆ, ಬಾಗಿದ ಮೇಲೆ ನಮ್ಮ ತೋಪು ಕಾಣುವುದಿಲ್ಲ. ಅಮ್ಮ ಟ್ರೇಲರಿನೊಳಗೆ ಮಂಚದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಗಾಳಿಗೆ ಬಡಿದುಕೊಳ್ಳುತ್ತದೆಂದು ನಾನೇ ಬಾಗಿಲು ಮುಂದಕ್ಕೆ ಎಳೆದು, ದೀಪಕ್ಕೆಂದು ಜನರೇಟರ್ ಹಚ್ಚಲು ಹೋದೆ. ಹೊತ್ತಿಕೊಂಡಿತು. ಆದರೆ ಒಮ್ಮೆ ಏರುವುದು, ಒಮ್ಮೆ ಇಳಿಯುವುದು, ಹೀಗೆ ತಡವರಿಸುತ್ತಿತ್ತು. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಸ್ಕ್ರೂ ಡ್ರೈವರಿನಿಂದ ಕಾರ್ಬುರೇಟರನ್ನು ಸರಿಮಾಡತೊಡಗಿದೆ. ದೂರಕ್ಕೆ ಎಷ್ಟೇ ಮೆತ್ತಗಿದ್ದರೂ ಪಕ್ಕದಲ್ಲಿ ಕೂತವನಿಗೆ ಇಂಜಿನ್ ಇಂಜಿನ್ನೇ. ಹತ್ತು ನಿಮಿಷ ಕೂತಿದ್ದೆನೋ, ಹದಿನೈದೋ. ಯಾವುದೋ ಹೊಲದಲ್ಲಿ ಕಸ ಸುಡುತ್ತಿದ್ದ ಹೊಗೆ ತೋಪಿನ ಕಡೆಗೆ ತೇಲಿ ಬರುತ್ತಿದ್ದುದು ನನಗೆ ಕಂಡಿತ್ತು. ಕಂಡೂ ಅದರ ಬಗ್ಗೆ ಯೋಚಿಸಲಿಲ್ಲ. ಇದನ್ನು ಇವತ್ತಿಗೂ ನನಗೆ ನಾನೇ ಕ್ಷಮಿಸಿಕೊಂಡಿಲ್ಲ.

ತಲೆ ಎತ್ತಿದಾಗ ಏರಿಯಿಂದ ಯಾರೋ ಓಡಿ ಇಳಿಯುತ್ತಿರುವುದು ಕಂಡಿತು. ಅಪ್ಪ. ಅಪ್ಪ ಓಡಿದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಪಂಚೆ ಮೇಲಕ್ಕೆ ಎತ್ತಿ ಕಟ್ಟಿದ್ದರು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಬಾಯಿ ತೆರೆದುಕೊಂಡಿತ್ತು. ನನ್ನನ್ನು ದಾಟುವಾಗ ನಿಲ್ಲದೆಯೇ ಬೈದರು.

"ನಿಮ್ಮಮ್ಮ ಆಗ್ಲಿಂದ ಕೂಗ್ತಾವ್ಳೆ, ನಿಂಗೆ ಕಿವಿ ಕೇಳ್ಸಲ್ವೇನೋ!"

ಎದ್ದು ಅವರ ಹಿಂದೆ ಓಡಿದೆ. ಅಪ್ಪ ಬಾಗಿಲು ಎಳೆದರು. ಒಳಗೆ ಅವರೆಕಾಯಿಯ ಮೊರ ಮಗುಚಿ ಬಿದ್ದಿತ್ತು. ಎರಡು ಮಂಚಗಳ ನಡುವೆ ನೆಲದಲ್ಲಿ ಅಮ್ಮ ಮುದುರಿಕೊಂಡು ಬಿದ್ದಿದ್ದಳು. ಒಂದು ಕೈ ಮೇಲಿನ ಹಲಗೆಯಲ್ಲಿದ್ದ ಔಷಧಿ ಡಬ್ಬದ ಕಡೆಗೆ ಚಾಚಿತ್ತು. ತುಟಿ, ಉಗುರು ನೀಲಿಯಾಗಿದ್ದವು. ಎದೆ ಮಾತ್ರ ಎಳೆಯುತ್ತಿತ್ತು, ಅದರಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಅಪ್ಪ ನೆಲದಲ್ಲೇ ಕೂತು ಅವಳನ್ನು ಎತ್ತಿ ತಮ್ಮ ಎದೆಗೆ ಒರಗಿಸಿಕೊಂಡರು. ನಾನು ಔಷಧಿ ಹಾಕಿ, ಮಾಸ್ಕ್ ಇಟ್ಟು, ಯಂತ್ರ ಹಾಕಿದೆ. ಬಂಡೆಯ ಹಿಂದೆ ಜನರೇಟರ್ ಒಂದೇ ಸಮನೆ ಓಡುತ್ತಿತ್ತು. ಅಮ್ಮನ ಬೆನ್ನು ಏರಿ ಇಳಿಯುವುದಕ್ಕೆ ಸರಿಯಾಗಿ ಅಪ್ಪ ತಾವೂ ಉಸಿರು ಎಳೆದು ಬಿಡುತ್ತಿದ್ದರು, ಅವಳಿಗೆ ದಾರಿ ತೋರಿಸುವವರ ಹಾಗೆ. ಕಾಲು ಗಂಟೆಯ ಮೇಲೆ ಅವಳ ಕಣ್ಣು ನನ್ನ ಮೇಲೆ ನಿಂತಿತು.

ಟ್ರೇಲರ್ ಅಲ್ಲೇ ಬಿಟ್ಟು, ಜೀಪಿನಲ್ಲಿ ಹೊಸಕೋಟೆಯ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಎಲ್ಲ ಕೇಳಿಕೊಂಡು, "ಸರಿಯಾದ ಹೊತ್ತಿಗೆ ನೋಡಿದೀರಿ. ಇನ್ನೊಂದೈದು ನಿಮಿಷ ಹೋಗಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ಆಗ ನನಗೆ ಆ ಪ್ರಶ್ನೆ ಹೊಳೆಯಿತು. ನೋಡಿದ್ದು ಯಾರು? ಹೇಗೆ?

ಬೆಳಿಗ್ಗೆ ಆಸ್ಪತ್ರೆಯ ವರಾಂಡದಲ್ಲಿ ಅಪ್ಪನ ಮುಂದೆ ಕೂತು, ಮುಖ ಕಾಣುವ ಹಾಗೆ ನಿಧಾನವಾಗಿ ಕೇಳಿದೆ. "ನಿನ್ನೆ ಎಲ್ಲಿದ್ದೆ ಅಪ್ಪ?"

"ಕೋಡಿ ಹತ್ರ. ಕಲ್ಲಿನ ಮೇಲೆ ಕೂತಿದ್ದೆ."

"ಮತ್ತೆ?"

"ಕೂಗಿದ್ಲು. ಬಂದೆ."

ಕಾಫಿ ಕುಡಿದೆ ಎನ್ನುವಷ್ಟು ಸಹಜವಾಗಿ ಹೇಳಿದರು. ನಾನು ಬಿಡಲಿಲ್ಲ. "ಏನಂತ ಕೂಗಿದ್ಲು?"

ಅಪ್ಪ ಕೈ ನೋಡಿಕೊಂಡರು. ಅರವತ್ತು ದಾಟಿದ ಮನುಷ್ಯ, ಮುಖ ಕೆಂಪಾಯಿತು. "ನಂಜಾ ಅಂತ," ಅಂದರು. ಆಮೇಲೆ, ಈಗಷ್ಟೇ ಅದು ವಿಚಿತ್ರವೆನಿಸಿದ ಹಾಗೆ, ಬಲಗಿವಿಯನ್ನು ಒಮ್ಮೆ ಮುಟ್ಟಿಕೊಂಡರು.

ಅಮ್ಮ ಅಪ್ಪನ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಮ್ಮಲ್ಲಿ ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಅವಳಿಗೆ ಅಪ್ಪ "ನಿಮ್ಮಪ್ಪ" ಅಥವಾ "ಇವ್ರು". ಅಪ್ಪ ಹೇಳಿದ್ದೇನೆಂದು ತಿಳಿಸದೆ, ಹಾಸಿಗೆಯ ಬಳಿ ಕೂತು ಅವಳನ್ನೂ ಕೇಳಿದೆ. "ಅಮ್ಮ, ನಿನ್ನೆ ಕೂಗಿದ್ಯಾ?"

"ಕೂಗೋಕೆ ಉಸಿರೆಲ್ಲಿತ್ತೋ? ಬಾಯಿ ಬಿಟ್ರೆ ಗಾಳಿನೂ ಬರ್ತಿರ್ಲಿಲ್ಲ."

"ಮನಸ್ಸಲ್ಲಾದ್ರೂ ಕರೆದ್ಯಾ?"

ಅವಳು ಗೋಡೆಯ ಕಡೆ ತಿರುಗಿದಳು. "ನಿಮ್ಮಪ್ಪ ನಂಗೆ ಸೋದರಮಾವನ ಮಗ ಅಲ್ವಾ," ಅಂದಳು. "ಚಿಕ್ಕೋಳಿದ್ದಾಗ ನಂಜಾ ನಂಜಾ ಅಂತಾನೇ ಕರೀತಿದ್ದೆ. ಮದುವೆ ಗೊತ್ತಾದ ದಿನ ನಮ್ಮವ್ವ ಬಾಯಿ ಮೇಲೆ ಹೊಡೆದು ಬಿಡಿಸಿದ್ಲು. ನಿನ್ನೆ ಅದು ಹೆಂಗೆ ಬಂತೋ ಕಾಣೆ. ಅದೊಂದೇ ಬಂತು, ಮತ್ತೆ ಮತ್ತೆ. ನಿಮ್ಮಪ್ಪಂಗೆ ಹೇಳ್ಬೇಡ ಕಣೋ, ಹೆಸರು ಹಿಡಿದ್ಲು ಅಂತ ಬೇಜಾರು ಮಾಡ್ಕೋತಾರೆ."

"ನನ್ನನ್ಯಾಕೆ ಕರೀಲಿಲ್ಲ? ನಾನು ಹತ್ರ ಇದ್ನಲ್ಲ?"

"ನೀನು ಜನರೇಟರ್ ಹತ್ರ ಇದ್ದೆ. ನಿಂಗೆ ಹೆಂಗೆ ಕೇಳುತ್ತೆ?" ಅಂದಳು.

ಎರಡು ದಿನದ ಮೇಲೆ ಟ್ರೇಲರ್ ತರಲು ಒಬ್ಬನೇ ಹೋದೆ. ಭೌತಶಾಸ್ತ್ರದ ಮೇಷ್ಟ್ರು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಕೋಡಿಯ ಕಲ್ಲಿನ ಮೇಲೆ ಕೂತು ನೋಡಿದೆ. ಟ್ರೇಲರ್ ಇರಲಿ, ತೋಪೇ ಕಾಣಲಿಲ್ಲ. ತೋಪಿನ ಯಜಮಾನರನ್ನು ಟ್ರೇಲರಿನೊಳಗೆ ನಿಲ್ಲಿಸಿ, ಇಂತಿಷ್ಟು ಹೊತ್ತಿಗೆ ಜೋರಾಗಿ ಕೂಗಿ ಎಂದು ಹೇಳಿ ಹೋಗಿದ್ದೆ. ಚೆನ್ನಾಗಿರುವ ನನ್ನ ಕಿವಿಗೂ ಏನೂ ಕೇಳಲಿಲ್ಲ. ಏರಿಯ ಬಾಗಿನಲ್ಲಿ ಅಪ್ಪನ ಚಪ್ಪಲಿ ಬೋರಲಾಗಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ನಿಂತು, ಸಾಧ್ಯವಿರುವುದನ್ನೆಲ್ಲ ಯೋಚಿಸಿದೆ. ಅಪ್ಪ ಹೊಗೆ ಕಂಡು ಹೆದರಿ ಹೊರಟಿರಬಹುದು. ಓಡುವ ಗಾಬರಿಯಲ್ಲಿ ಕೂಗು ಕೇಳಿದ ಹಾಗೆ ಅನಿಸಿರಬಹುದು. ಹಿಂದಿನ ರಾತ್ರಿ ಇಬ್ಬರೂ ಚಿಕ್ಕಂದಿನ ಮಾತಾಡಿಕೊಂಡು ಆ ಹೆಸರು ಇಬ್ಬರಿಗೂ ನೆನಪಾಗಿರಬಹುದು. ಅವರು ಸದ್ದಿಲ್ಲದೆ ಮಾತಾಡುವವರು, ಪಕ್ಕದಲ್ಲಿ ಮಲಗಿದ್ದ ನನಗೆ ಹೇಗೆ ಗೊತ್ತಾಗಬೇಕು? ಇದೆಲ್ಲ ಆಗಿರಬಹುದು. ಆದರೆ ಅರ್ಧ ಮೈಲಿ ಓಡಿ ಬರಬೇಕಾದರೆ ಅಪ್ಪ ಹೊರಟದ್ದು ಅಮ್ಮ ನೆಲಕ್ಕೆ ಬಿದ್ದ ಹೊತ್ತಿಗೇ ಇರಬೇಕು. ಅದನ್ನು ಎಷ್ಟು ಸಲ ಲೆಕ್ಕ ಹಾಕಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಅಮ್ಮ ಕೇಳಿಕೊಂಡ ಹಾಗೆ ಅಪ್ಪನಿಗೆ ನಾನು ಏನೂ ಹೇಳಲಿಲ್ಲ. ಅಪ್ಪ ಹೇಳಿದ್ದನ್ನು ಅಮ್ಮನಿಗೂ ಹೇಳಲಿಲ್ಲ. ಅವರೇ ಮಾತಾಡಿಕೊಂಡರೋ ಇಲ್ಲವೋ ತಿಳಿಯದು. ಅದಾದ ಮೇಲೆ ಇನ್ನೂ ಆರೇಳು ಚಳಿಗಾಲ ಅವರನ್ನು ಅಲ್ಲಿ ಇಲ್ಲಿ ಕರೆದುಕೊಂಡು ಹೋದೆ. ಅಮ್ಮನನ್ನು ಮಾತ್ರ ಮತ್ತೆ ಒಂಟಿಯಾಗಿ ಬಿಡಲಿಲ್ಲ.

ಈಗ ಇಬ್ಬರೂ ಇಲ್ಲ. ನಿಮ್ಮೆದುರು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅವರಿರುವಷ್ಟು ವರ್ಷ ನಾನು ಕದ್ದು ಕದ್ದು ನೋಡುತ್ತಿದ್ದೆ. ಅಪ್ಪ ಮಗ್ಗದ ಕಡೆ ಮುಖ ಮಾಡಿ ನಿಂತಿರುವಾಗ, ಅಮ್ಮ ಹಿಂದಿನಿಂದ ಬಂದು ಊಟಕ್ಕೆ ಕರೆಯುವಾಗ, ಪುಸ್ತಕ ಮುಚ್ಚಿಟ್ಟು ಕಾಯುತ್ತಿದ್ದೆ. ಒಂದು ಸಲವೂ ಅಪ್ಪ ತಾವಾಗಿ ತಿರುಗಲಿಲ್ಲ. ಪ್ರತಿ ಸಲವೂ ಅಮ್ಮ ಹತ್ತಿರ ಹೋಗಿ, ಭುಜ ಮುಟ್ಟಿಯೇ ಕರೆಯಬೇಕಾಗುತ್ತಿತ್ತು. ಮತ್ತೆ ಮತ್ತೆ ಮಾಡಿದಾಗಲೂ ಒಂದೇ ಥರ ಆಗುವುದನ್ನು ಮಾತ್ರ ನಂಬಬೇಕೆಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಇದು ಒಂದೇ ಸಲ ಆಯಿತು. ಅದನ್ನು ಎಲ್ಲಿಡಬೇಕೆಂದು ನನಗೆ ಇನ್ನೂ ತಿಳಿದಿಲ್ಲ.